ಎಕ್ಸ್‌ರೇ ಯಂತ್ರವನ್ನಷ್ಟೇ ಅಲ್ಲ, ಅದರಿಂದ ಬರುವ ಚಿತ್ರವನ್ನೂ ತಪಾಸಣೆ ಮಾಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಎಕ್ಸ್‌ರೇ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತನಾದವನು ನಾನು. ಡಾರ್ಕ್‌ರೂಮಿನ ಕೆಂಪು ದೀಪದಡಿ ಫಿಲ್ಮ್ ತೊಳೆಯುತ್ತಿದ್ದ ಕಾಲವನ್ನೂ, ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಚಿತ್ರ ಪರದೆಯ ಮೇಲೆ ಮೂಡುವ ಈಗಿನ ಡಿಜಿಟಲ್ ಕಾಲವನ್ನೂ ಕೆಲಸದ ಒಳಗಿನಿಂದಲೇ ಕಂಡಿದ್ದೇನೆ. ಡಿಜಿಟಲ್ ಎಕ್ಸ್‌ರೇ ಚಿತ್ರಗಳ ಗುಣಮಟ್ಟವನ್ನು ಕೇಳುವವರೇ ಇಲ್ಲವೆಂದು ಸೇವೆಯಲ್ಲಿದ್ದಾಗಲೂ ಇಲಾಖೆಗೆ ಬರೆದಿದ್ದೆ, ನಿವೃತ್ತಿಯ ನಂತರವೂ ಬರೆದೆ. ಸ್ವೀಕೃತಿ ಪತ್ರಗಳು ಬಂದವು, ‘ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ’ ಎಂಬ ಒಕ್ಕಣೆಯೂ ಬಂತು. ಉತ್ತರ ಮಾತ್ರ ಬರಲಿಲ್ಲ. ನನ್ನ ಅಕ್ಕನಿಗೆ ಆದದ್ದನ್ನು ಕಂಡ ಮೇಲೆ ಮತ್ತೊಮ್ಮೆ ಲಕೋಟೆಯಲ್ಲಿಟ್ಟು ಕಳಿಸುವುದರಲ್ಲಿ ಅರ್ಥವಿಲ್ಲವೆನಿಸಿ, ಎಲ್ಲರೂ ಓದುವಂತೆ ಇದನ್ನು ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಎಕ್ಸ್‌ರೇ ಯಂತ್ರಕ್ಕೆ ಪರವಾನಗಿ ಕೊಡುವಾಗ ಯಂತ್ರವನ್ನು ಹೇಗೆ ತಪಾಸಣೆ ಮಾಡಲಾಗುತ್ತದೆಯೋ, ಆ ಯಂತ್ರದಿಂದ ದಿನವೂ ಹೊರಬರುವ ಚಿತ್ರಗಳನ್ನೂ ಹಾಗೆಯೇ ತಪಾಸಣೆ ಮಾಡಿಸಿ. ಟ್ಯೂಬಿನಿಂದ ವಿಕಿರಣ ಸೋರುತ್ತಿದೆಯೇ, ಕೋಣೆಯ ಬಾಗಿಲಿಗೆ ಸೀಸದ ಹಾಳೆ ಇದೆಯೇ, ಕಿಲೋವೋಲ್ಟೇಜ್ ಸರಿಯಾಗಿದೆಯೇ ಎಂಬುದನ್ನೆಲ್ಲ ನೋಡಿ ಮೊಹರು ಹಾಕುವ ನಿಯಮಗಳು ತಮಗೆ ತಿಳಿದೇ ಇವೆ. ಅವು ಬೇಕು, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ರೋಗಿಯ ಚಿಕಿತ್ಸೆ ನಿರ್ಧಾರವಾಗುವುದು ಆ ಮೊಹರನ್ನು ನೋಡಿ ಅಲ್ಲ, ಚಿತ್ರವನ್ನು ನೋಡಿ. ಆ ಚಿತ್ರ ಓದಲು ಯೋಗ್ಯವಾಗಿತ್ತೇ ಎಂದು ಕೇಳುವ ಅಧಿಕಾರಿ ನನ್ನ ಸೇವಾವಧಿಯಲ್ಲಿ ಒಮ್ಮೆಯೂ ನಮ್ಮ ವಿಭಾಗದ ಬಾಗಿಲಿಗೆ ಬರಲಿಲ್ಲ.

ಅಕ್ಕ ಮನೆಯಲ್ಲಿ ಕಾಲು ಜಾರಿ ಬಿದ್ದಳು. ವಯಸ್ಸಾದವಳು, ಸ್ವಲ್ಪ ದಪ್ಪ ಮೈಕಟ್ಟಿನವಳು. ತೊಡೆಸಂದಿಯಲ್ಲಿ ನೋವೆನ್ನುತ್ತಿದ್ದಳಾದರೂ ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಿದ್ದಳು. ನಾನು ಊರಲ್ಲಿರಲಿಲ್ಲ. ಹತ್ತಿರದ ಒಂದು ರೋಗನಿರ್ಣಯ ಕೇಂದ್ರದಲ್ಲಿ ಎಕ್ಸ್‌ರೇ ತೆಗೆಸಿದರು. ಸೊಂಟದ್ದು ಒಂದೇ ಚಿತ್ರ, ಅದೂ ಮುಂದಿನಿಂದ ತೆಗೆದದ್ದು. ಅದನ್ನು ಸಾಮಾನ್ಯ ಕಾಗದದ ಮೇಲೆ ಮುದ್ರಿಸಿ ಕೈಗೆ ಕೊಟ್ಟರು. ವರದಿ ಬರೆಯುವ ವೈದ್ಯರಿಗೆ ಪರದೆಯ ಚಿತ್ರವನ್ನೇ ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ‘ಮೂಳೆ ಮುರಿತ ಕಾಣುತ್ತಿಲ್ಲ’ ಎಂದು ವರದಿ ಬಂತು. ನೋವಿನ ಮಾತ್ರೆ ಬರೆದುಕೊಟ್ಟು, ನಡೆದಾಡಲು ಹೇಳಿ ಮನೆಗೆ ಕಳಿಸಿದರು. ಅಕ್ಕ ಹೇಳಿದ ಹಾಗೆಯೇ ಹಲ್ಲು ಕಚ್ಚಿ ನಡೆದಳು. ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲು ಹೋದವಳಿಗೆ ಕಾಲು ಊರಲಾಗಲಿಲ್ಲ. ಪಾದ ಹೊರಕ್ಕೆ ವಾಲಿತ್ತು, ಕಾಲು ಗಿಡ್ಡವಾದಂತೆ ಕಾಣುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ತೆಗೆದ ಚಿತ್ರದಲ್ಲಿ ತೊಡೆಮೂಳೆಯ ಕತ್ತು ಪೂರ್ತಿ ಮುರಿದು ಜರುಗಿತ್ತು.

ಈ ವಿಷಯ ಬಲ್ಲ ಯಾರನ್ನಾದರೂ ಕೇಳಿ. ತೊಡೆಮೂಳೆಯ ಕತ್ತಿನಲ್ಲಿ ಬಿರುಕು ಬಿಟ್ಟು ಮೂಳೆ ಇನ್ನೂ ಜರುಗದೆ ಇದ್ದಾಗ ಪತ್ತೆಯಾದರೆ, ಸಾಮಾನ್ಯವಾಗಿ ಸ್ಕ್ರೂ ಹಾಕಿ ಸ್ವಂತ ಮೂಳೆಯನ್ನೇ ಉಳಿಸಿಕೊಳ್ಳುತ್ತಾರೆ. ಜರುಗಿದ ಮೇಲೆ, ಅದರಲ್ಲೂ ವಯಸ್ಸಾದವರಲ್ಲಿ, ಮೂಳೆಯ ತಲೆಯನ್ನೇ ತೆಗೆದು ಕೃತಕ ಕೀಲು ಕೂರಿಸಬೇಕಾಗುತ್ತದೆ. ಅಕ್ಕನಿಗೆ ಎರಡನೆಯದೇ ಆಯಿತು. ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು ಅವಳ ನರಳಾಟ ಕೇಳಿದವನು ನಾನು. ಯಾವ ಕೆಲಸದಲ್ಲಿ ನನ್ನ ಆಯುಷ್ಯ ಸವೆಸಿದೆನೋ ಅದೇ ಕೆಲಸವನ್ನು ಇನ್ನೊಬ್ಬರು ಅರೆಬರೆ ಮಾಡಿದ್ದರಿಂದ ನನ್ನ ಒಡಹುಟ್ಟಿದವಳೇ ಈ ಸ್ಥಿತಿಗೆ ಬಂದಳೆಂಬ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆ ಮೊದಲ ಚಿತ್ರದ ಮೂಲ ಡೈಕಾಮ್ ಫೈಲನ್ನು, ಅಂದರೆ ಯಂತ್ರ ಉಳಿಸಿಟ್ಟ ಚಿತ್ರವನ್ನು ಅದರ ವಿವರಗಳ ಸಮೇತ, ಕೊಡಿ ಎಂದು ಕೇಂದ್ರಕ್ಕೆ ಹೋಗಿ ಕೇಳಿದೆ. ರೋಗಿಗಳಿಗೆ ಅದನ್ನು ಕೊಡುವ ಪದ್ಧತಿಯಿಲ್ಲ ಎಂದರು. ವಾದ ಮಾಡಿ, ಕೊನೆಗೆ ಲಿಖಿತ ಅರ್ಜಿ ಕೊಟ್ಟು ಪಡೆದುಕೊಂಡೆ. ತೆರೆದು ನೋಡಿದರೆ ತೊಡೆಮೂಳೆಯ ಕತ್ತಿನ ಜಾಗದಲ್ಲಿ ಮೂಳೆಯ ಒಳಗಿನ ಸಣ್ಣ ಎಳೆಗಳು ಕಾಣಬೇಕಾದ ಕಡೆ ಮರಳು ಚೆಲ್ಲಿದಂತೆ ಬರೀ ಕಾಳುಕಾಳು. ಚದುರಿದ ಕಿರಣಗಳನ್ನು ತಡೆಯುವ ಗ್ರಿಡ್ ಹಾಕದೆ ತೆಗೆದ ಚಿತ್ರದ ಮಂಕು ಅದರ ಮೇಲೆ ಹರಡಿಕೊಂಡಿತ್ತು. ಫೈಲಿನೊಳಗೆ ಯಂತ್ರವೇ ದಾಖಲಿಸಿದ್ದ ಡೀವಿಯೇಷನ್ ಇಂಡೆಕ್ಸ್ (ಕಿರಣ ಗುರಿಗಿಂತ ಎಷ್ಟು ಹೆಚ್ಚು-ಕಡಿಮೆಯಾಯಿತೆಂದು ಹೇಳುವ ಅಂಕಿ) ಮೈನಸ್ 6ರ ಆಸುಪಾಸಿನಲ್ಲಿತ್ತು. ಅಂದರೆ ಕಿರಣವನ್ನು ಹಿಡಿದು ಚಿತ್ರವಾಗಿಸುವ ಡಿಟೆಕ್ಟರಿಗೆ ತಲುಪಬೇಕಾದ ಕಿರಣದಲ್ಲಿ ಸುಮಾರು ಕಾಲುಭಾಗವಷ್ಟೇ ತಲುಪಿತ್ತು. ಬಿದ್ದು ನೋವೆಂದು ಬಂದ ವಯಸ್ಸಾದ ಹೆಂಗಸಿಗೆ, ಕಾಲನ್ನು ತಿರುಗಿಸದೆ ಅಡ್ಡಕಿರಣದಿಂದ ತೆಗೆಯುವ ಪಕ್ಕದ (ಲ್ಯಾಟರಲ್) ಚಿತ್ರವನ್ನು ತೆಗೆದೇ ಇರಲಿಲ್ಲ. ಈ ಚಿತ್ರ ಸಾಲದು ಎಂದು ಯಂತ್ರ ಅಂಕಿಯಲ್ಲಿ ಬರೆದು ಹೇಳಿತ್ತು, ಮಾನ್ಯರೇ. ಅದನ್ನು ಓದುವ ಹೊಣೆ ಯಾರ ಮೇಲೂ ಇರಲಿಲ್ಲ.

ಇದು ಒಂದು ಕೇಂದ್ರದ ಒಂದು ದಿನದ ಅಚಾತುರ್ಯವಾಗಿದ್ದರೆ ನಾನು ತಮಗೆ ಬರೆಯುತ್ತಿರಲಿಲ್ಲ. ಫಿಲ್ಮಿನ ಕಾಲದಲ್ಲಿ ತಪ್ಪನ್ನು ಮುಚ್ಚಿಡಲು ಬರುತ್ತಿರಲಿಲ್ಲ. ಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗುತ್ತಿತ್ತು, ಕಡಿಮೆಯಾದರೆ ಬಿಳಿಚಿಕೊಳ್ಳುತ್ತಿತ್ತು. ಲೈಟ್‌ಬಾಕ್ಸಿಗೆ ಏರಿಸಿದ ಕೂಡಲೇ ವೈದ್ಯರು ವಾಪಸು ಕಳಿಸುತ್ತಿದ್ದರು, ನಾವು ಬೈಸಿಕೊಂಡು ಕಲಿಯುತ್ತಿದ್ದೆವು. ಡಿಜಿಟಲ್ ಯಂತ್ರದಲ್ಲಿ ಡಿಟೆಕ್ಟರಿನ ಮೇಲೆ ಬಿದ್ದ ಕಿರಣ ಹೆಚ್ಚಿರಲಿ, ಕಡಿಮೆಯಿರಲಿ, ಕಂಪ್ಯೂಟರ್ ಅದನ್ನು ಹಿಗ್ಗಿಸಿ ಕುಗ್ಗಿಸಿ ಕಣ್ಣಿಗೆ ಒಪ್ಪುವ ಕಪ್ಪು-ಬಿಳುಪಿಗೆ ತಂದು ನಿಲ್ಲಿಸುತ್ತದೆ. ಕಡಿಮೆಯಾದದ್ದು ಕಾಳುಕಾಳಾಗಿ ಉಳಿಯುತ್ತದೆ, ಪಳಗಿದ ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಹೆಚ್ಚಾದದ್ದಂತೂ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಕಿರಣ ಹೆಚ್ಚಾದಷ್ಟೂ ಚಿತ್ರ ನಯವಾಗಿ, ಚೆಂದವಾಗಿ ಬರುತ್ತದೆ. ಚಿತ್ರ ಕಾಳಾಯಿತೆಂದು ಒಮ್ಮೆ ಬೈಸಿಕೊಂಡ ಟೆಕ್ನಿಷಿಯನ್ ಮರುದಿನದಿಂದ ಡೋಸನ್ನು, ಅಂದರೆ ಕಿರಣದ ಪ್ರಮಾಣವನ್ನು, ಸ್ವಲ್ಪ ಏರಿಸುತ್ತಾನೆ, ಯಾರೂ ದೂರುವುದಿಲ್ಲ. ಮತ್ತೆ ಸ್ವಲ್ಪ ಏರಿಸುತ್ತಾನೆ. ಹೀಗೆ ಒಂದೆಡೆ ಓದಲಾಗದ ಚಿತ್ರ, ಇನ್ನೊಂದೆಡೆ ಅಗತ್ಯಕ್ಕಿಂತ ಹೆಚ್ಚಿನ ವಿಕಿರಣ ಒಟ್ಟೊಟ್ಟಿಗೆ ಬೆಳೆಯುತ್ತಿವೆ. ಎದೆಯ ಚಿತ್ರಕ್ಕೆ ಪದೇ ಪದೇ ಬರುವ ಎಳೆಯ ಮಕ್ಕಳ ಮೇಲೂ ಇದೇ ನಡೆಯುತ್ತದೆ. ವಿಕಿರಣದ ಹಾನಿಗೆ ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಈಡಾಗುತ್ತಾರೆಂಬುದು ತಮ್ಮ ಇಲಾಖೆಗೆ ಹೊಸ ಸಂಗತಿಯಲ್ಲ.

ಹೊಸ ಸಂಗತಿಯಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಡಿಜಿಟಲ್ ವ್ಯವಸ್ಥೆಯಲ್ಲಿ ಡೋಸ್ ಗೊತ್ತಿಲ್ಲದೆ ಏರುವ ಅಪಾಯದ ಬಗ್ಗೆ ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ 2004ರಲ್ಲಿ ತನ್ನ 93ನೇ ಪ್ರಕಟಣೆಯಲ್ಲೇ ಎಚ್ಚರಿಸಿತ್ತು. ಮೊದಲೆಲ್ಲ ಒಂದೊಂದು ಕಂಪನಿ ಒಂದೊಂದು ಅಳತೆಗೋಲು ಇಟ್ಟುಕೊಂಡಿತ್ತು. ಒಬ್ಬರ ಯಂತ್ರದಲ್ಲಿ ಅಂಕಿ ಏರಿದರೆ ಡೋಸ್ ಏರಿದಂತೆ, ಇನ್ನೊಬ್ಬರದರಲ್ಲಿ ಅಂಕಿ ಇಳಿದರೆ ಡೋಸ್ ಏರಿದಂತೆ. ಎರಡು ಕಂಪನಿಯ ಯಂತ್ರಗಳಿರುವ ಆಸ್ಪತ್ರೆಯಲ್ಲಿ ನಾವು ತಬ್ಬಿಬ್ಬಾಗುತ್ತಿದ್ದೆವು. ಆ ಗೊಂದಲವೂ ತೀರಿತು: 2008ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಡಿಟೆಕ್ಟರಿಗೆ ತಲುಪಿದ ಕಿರಣವನ್ನು ಅಂಕಿಯಲ್ಲಿ ಹೇಳುವ, ಎಲ್ಲ ಕಂಪನಿಗಳಿಗೂ ಅನ್ವಯಿಸುವ ಎಕ್ಸ್‌ಪೋಶರ್ ಇಂಡೆಕ್ಸ್ ಮಾನಕವನ್ನು ತಂದಿತು. ಅದರಲ್ಲಿನ ಡೀವಿಯೇಷನ್ ಇಂಡೆಕ್ಸ್ ಸೊನ್ನೆ ಬಂದರೆ ಗುರಿಯಿಟ್ಟಷ್ಟೇ ಕಿರಣ ಡಿಟೆಕ್ಟರಿಗೆ ತಲುಪಿದೆ, ಪ್ಲಸ್ 3 ಬಂದರೆ ಎರಡರಷ್ಟು, ಮೈನಸ್ 3 ಬಂದರೆ ಅರ್ಧ. ಶಾಲೆಯ ಹುಡುಗನಿಗೂ ಅರ್ಥವಾಗುವ ಲೆಕ್ಕವಿದು. ಈ ಅಂಕಿ ಆಧುನಿಕ ಯಂತ್ರಗಳಲ್ಲಿ ಚಿತ್ರದ ಜೊತೆಗೇ ಫೈಲಿನಲ್ಲಿ ಬರುತ್ತದೆ, ಅದಕ್ಕಾಗಿ ಹೊಸದೇನನ್ನೂ ಕೊಳ್ಳಬೇಕಿಲ್ಲ. ಅದನ್ನು ಪ್ರತಿ ಪರೀಕ್ಷೆಗೂ ಗುರಿ ನಿಗದಿಪಡಿಸಿ ಉಳಿಸಿಡಿ, ತಿಂಗಳಿಗೊಮ್ಮೆ ತೆಗೆದು ನೋಡಿ, ಗುರಿಯಿಂದ ದೂರ ಹೋದವರನ್ನು ಕೇಳಿ ಎಂದು ಆದೇಶಿಸಲು ಇಷ್ಟು ವರ್ಷ ಬೇಕೇ?

ತಿರಸ್ಕೃತ ಚಿತ್ರಗಳದ್ದು ಇನ್ನೊಂದು ಕಥೆ. ಮೊದಲು ಕೆಟ್ಟ ಫಿಲ್ಮುಗಳು ಮೂಲೆಯ ಪೆಟ್ಟಿಗೆಯಲ್ಲಿ ರಾಶಿ ಬೀಳುತ್ತಿದ್ದವು, ತಿಂಗಳ ಕೊನೆಗೆ ಎಣಿಸಿ ಯಾಕೆ ಕೆಟ್ಟಿತೆಂದು ಪುಸ್ತಕದಲ್ಲಿ ಬರೆಯುತ್ತಿದ್ದೆವು. ಈಗ ಒಂದು ಗುಂಡಿ ಒತ್ತಿದರೆ ಕೆಟ್ಟ ಚಿತ್ರ ಮಾಯ. ರೋಗಿಯ ಮೈಮೇಲೆ ಬಿದ್ದ ಕಿರಣ ಮಾಯವಾಗುವುದಿಲ್ಲ, ಅದರ ಲೆಕ್ಕ ಮಾತ್ರ ಮಾಯವಾಗುತ್ತದೆ. ತಿರಸ್ಕೃತ ಚಿತ್ರಗಳ ಪ್ರಮಾಣ ಶೇಕಡಾ 8ರ ಒಳಗಿರಲಿ, 10 ದಾಟಿದರೆ ಕಾರಣ ಹುಡುಕಿ ಎಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2015ರಲ್ಲಿ ಸಲಹೆ ಮಾಡಿತ್ತು. ಅಳಿಸಿದ್ದನ್ನು ದಾಖಲಿಸದ ಕಡೆ ಶೇಕಡಾ ಎಷ್ಟೆಂದು ಯಾರು ಹೇಳಬೇಕು?

ಚಿತ್ರದ ಅಂಚು ಕತ್ತರಿಸುವ ಅಭ್ಯಾಸವನ್ನೂ ಹೇಳಲೇಬೇಕು. ಕಿರಣವನ್ನು ಬೇಕಾದಷ್ಟೇ ಜಾಗಕ್ಕೆ ಬಿಡುವಂತೆ ಕಾಲಿಮೇಟರ್ ಮುಚ್ಚುವುದು ಟೆಕ್ನಿಷಿಯನ್ನಿನ ಮೊದಲ ಪಾಠ. ಅದನ್ನು ಮಾಡದೆ ಪೂರ್ತಿ ತೆರೆದು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಸುತ್ತಲಿನದನ್ನು ಕಪ್ಪಾಗಿಸಿ ಕಳಿಸುತ್ತಾರೆ. ಕೈಬೆರಳಿನ ಎಕ್ಸ್‌ರೇಗೆ ಬಂದ ಮಗುವಿನ ಮುಂಗೈಯೆಲ್ಲ ಕಿರಣಕ್ಕೆ ಒಡ್ಡಿಕೊಂಡಿದ್ದರೂ ವೈದ್ಯರಿಗೆ ಕಾಣುವುದು ಬೆರಳು ಮಾತ್ರ. ಕ್ಯಾಸೆಟ್ಟಿನ ಮೇಲೆ ಇಡಬೇಕಾದ ಸೀಸದ ಎಡ-ಬಲ ಗುರುತನ್ನು ಬಿಟ್ಟು, ಚಿತ್ರ ಬಂದ ಮೇಲೆ ಅಕ್ಷರ ಒತ್ತುವುದು ಇದಕ್ಕಿಂತ ಅಪಾಯಕಾರಿ. ಅವಸರದಲ್ಲಿ ಚಿತ್ರ ತಿರುವಿ ಎಡ-ಬಲ ಅದಲುಬದಲಾದರೆ ಶಸ್ತ್ರಚಿಕಿತ್ಸೆಯ ಕತ್ತಿ ಯಾವ ಕಡೆ ಬೀಳುತ್ತದೆಂದು ತಾವೇ ಯೋಚಿಸಿ.

ಇಷ್ಟೆಲ್ಲ ದಾಟಿ ಒಳ್ಳೆಯ ಚಿತ್ರ ಬಂದರೂ ಅದು ವೈದ್ಯರ ಕಣ್ಣಿಗೆ ತಲುಪುವ ದಾರಿಯಲ್ಲಿ ಹಾಳಾಗುತ್ತದೆ. ಡಿಟೆಕ್ಟರಿನಿಂದ ಬರುವ ಚಿತ್ರದಲ್ಲಿ 4,096ರಿಂದ 16,384ರವರೆಗೆ ಬೂದು ಛಾಯೆಗಳಿರುತ್ತವೆ. ಮೊಬೈಲಿನ ಫೋಟೊದಲ್ಲಿ ಉಳಿಯುವುದು 256, ಅದನ್ನೂ ಹಿಂಡಿ ಕಳಿಸಲಾಗುತ್ತದೆ. ಕಾಗದದ ಮುದ್ರಣದಲ್ಲಿ ಅಷ್ಟೂ ಇರುವುದಿಲ್ಲ, ಬೆಳಕು ಹೆಚ್ಚು ಕಡಿಮೆ ಮಾಡಿ ನೋಡುವ ಅವಕಾಶವೂ ಇಲ್ಲ. ಪರದೆ ಯಾವುದೇ ಆದರೂ ಬೂದು ಛಾಯೆಗಳು ಒಂದೇ ರೀತಿ ಕಾಣಬೇಕೆಂದು ಡೈಕಾಮ್ ಮಾನಕದ 14ನೇ ಭಾಗ ಹೇಳುತ್ತದೆ. ವರದಿ ಬರೆಯುವ ಮಾನಿಟರನ್ನು ಅದಕ್ಕೆ ತಕ್ಕಂತೆ ಹೊಂದಿಸಿ, ಆಗಾಗ ಪರೀಕ್ಷಾ ಚಿತ್ರ ಹಾಕಿ ನೋಡುವ ಶಿಸ್ತು ಇರುವ ಕೇಂದ್ರಗಳನ್ನು ನಾನು ಬಲ್ಲೆ; ಅಲ್ಲಿನವರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟ ಸಂಗತಿಯಾಗಿರುವುದೇಕೆ?

ಟೆಕ್ನಿಷಿಯನ್ನರ ಮೇಲೆ ಗೂಬೆ ಕೂರಿಸಲು ನಾನು ಇದನ್ನು ಬರೆಯುತ್ತಿಲ್ಲ. ಹೊರಗೆ ಸಾಲು ನಿಂತಿರುವಾಗ, ಒಬ್ಬನೇ ಹುಡುಗ ಯಂತ್ರವನ್ನೂ ರಿಜಿಸ್ಟರನ್ನೂ ನೋಡಿಕೊಳ್ಳುತ್ತಿರುವಾಗ, ಡೀವಿಯೇಷನ್ ಇಂಡೆಕ್ಸ್ ಎಂದರೇನೆಂದು ಯಾರೂ ಕಲಿಸದಿರುವಾಗ ಅವನಾದರೂ ಏನು ಮಾಡಿಯಾನು? ಯಂತ್ರ ಮಾರಿದ ಕಂಪನಿಯವರು ಅರ್ಧ ದಿನ ಬಂದು ಗುಂಡಿಗಳನ್ನು ತೋರಿಸಿ ಹೋಗುತ್ತಾರೆ. ಅದನ್ನೇ ತರಬೇತಿಯೆಂದು ದಾಖಲೆಯಲ್ಲಿ ಬರೆಯಲಾಗುತ್ತದೆ.

ಆಗದ ಕೆಲಸವನ್ನು ನಾನು ಕೇಳುತ್ತಿದ್ದೇನೆಂದು ತಮ್ಮ ಅಧಿಕಾರಿಗಳು ಹೇಳಬಹುದು. ಸ್ತನದ ಎಕ್ಸ್‌ರೇಗೆಂದೇ ಅಮೆರಿಕ 1992ರಲ್ಲಿ ಮ್ಯಾಮೊಗ್ರಫಿ ಗುಣಮಟ್ಟದ ಕಾಯ್ದೆ ತಂದಿತು. ಅಲ್ಲಿ ಪ್ರಮಾಣಪತ್ರವಿಲ್ಲದ ಕೇಂದ್ರ ಮ್ಯಾಮೊಗ್ರಫಿ ಮಾಡುವಂತಿಲ್ಲ, ವರ್ಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ, ಮಾನ್ಯತೆ ಪಡೆಯಲು ರೋಗಿಗಳ ಚಿತ್ರಗಳನ್ನೇ ಪರಿಶೀಲನೆಗೆ ಒಪ್ಪಿಸಬೇಕಾಗುತ್ತದೆ. ಯುರೋಪ್ ಒಕ್ಕೂಟ 1996ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎದೆಯ ಚಿತ್ರವೆಂದರೆ ವಪೆಯ (ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಮೇಲೆ ಮುಂಭಾಗದ 6 ಅಥವಾ ಹಿಂಭಾಗದ 10 ಪಕ್ಕೆಲುಬು ಕಾಣುವಷ್ಟು ಉಸಿರು ತುಂಬಿಸಿ ತೆಗೆದಿರಬೇಕು ಎಂಬಷ್ಟು ಸ್ಪಷ್ಟವಾಗಿ ಒಳ್ಳೆಯ ಚಿತ್ರದ ಲಕ್ಷಣಗಳನ್ನು ಬರೆದಿಟ್ಟಿದ್ದಾರೆ. ಒಂದು ಬಗೆಯ ಎಕ್ಸ್‌ರೇಗೆ ಸಾಧ್ಯವಾದದ್ದು ಮುರಿದ ಸೊಂಟಕ್ಕೂ ಕಫ ಕಟ್ಟಿದ ಎದೆಗೂ ಸಾಧ್ಯವಾಗದೇನು?

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ, ಚಿತ್ರವನ್ನು ತಪಾಸಣೆ ಮಾಡಿಸಿ. ಪರವಾನಗಿ ನವೀಕರಣಕ್ಕೆ ಬರುವ ಪ್ರತಿ ಕೇಂದ್ರವೂ ತಾನು ತೆಗೆದ ಚಿತ್ರಗಳ ಮಾದರಿಯನ್ನು, ಅವುಗಳ ಎಕ್ಸ್‌ಪೋಶರ್ ಇಂಡೆಕ್ಸ್ ಸಮೇತ, ರೋಗಿಗಳ ಹೆಸರು ತೆಗೆದು, ಆ ಕೇಂದ್ರಕ್ಕೆ ಸಂಬಂಧವಿಲ್ಲದ ರೇಡಿಯಾಲಜಿಸ್ಟ್ ಮತ್ತು ವೈದ್ಯಕೀಯ ಭೌತವಿಜ್ಞಾನಿಯ ಮುಂದೆ ಇಡಬೇಕೆಂದು ನಿಯಮ ಮಾಡಿ. ತಿರಸ್ಕೃತ ಚಿತ್ರವನ್ನು ಕಾರಣ ನಮೂದಿಸದೆ ಅಳಿಸಲು ಬಾರದಂತೆ ಮಾಡಿಸಿ. ಮೊಬೈಲ್ ಫೋಟೊ ನೋಡಿ ಬರೆದ ವರದಿಯನ್ನು ವರದಿಯೆಂದು ಒಪ್ಪಬೇಡಿ. ರೋಗಿ ಕೇಳಿದರೆ ಮೂಲ ಡೈಕಾಮ್ ಫೈಲನ್ನು ವಾದವಿಲ್ಲದೆ ಕೊಡಬೇಕೆಂದು ಪ್ರತಿ ಕೇಂದ್ರದ ಗೋಡೆಯ ಮೇಲೆ ಬರೆಸಿ. ಇವುಗಳಲ್ಲಿ ಮೊದಲನೆಯದು ಆದರೆ ಉಳಿದವು ಒಂದೊಂದಾಗಿ ಹಿಂದೆ ಬರುತ್ತವೆ, ಹಾಗಾಗಿ ಅದನ್ನಾದರೂ ಮಾಡಿ.

ಈ ಪತ್ರವನ್ನು ದಯವಿಟ್ಟು ‘ಸಂಬಂಧಪಟ್ಟ ವಿಭಾಗ’ಕ್ಕೆ ರವಾನಿಸಿ ಕೈತೊಳೆದುಕೊಳ್ಳಬೇಡಿ. ನಿಯಮ ಮಾಡುತ್ತೀರೋ ಇಲ್ಲವೋ, ಮಾಡುವುದಾದರೆ ಯಾವ ದಿನಾಂಕದಿಂದ ಜಾರಿಗೆ ಬರುತ್ತದೆ, ಮಾಡುವುದಿಲ್ಲವಾದರೆ ಏಕೆ ಎಂಬುದನ್ನು ತಮ್ಮ ಸಹಿಯೊಂದಿಗೆ, ನಾನು ಬರೆದಂತೆಯೇ ಬಹಿರಂಗವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಎಕ್ಸ್‌ರೇ ಟೆಕ್ನಿಷಿಯನ್