ಕರಾವಳಿಯ ಕತೆ ಓದುವ ಮುನ್ನ

ಗುಂಪಿನ ಎಲ್ಲರಿಗೂ, ಈ ಸಲದ ಕತೆ ಓದುವಾಗ ಪಕ್ಕದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ನಕ್ಷೆ ಇರಲಿ.

ಮೊದಲು ಕಾಲ ಗುರುತಿಸಿ. 1956ರ ನವೆಂಬರ್‌ವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಪಾತ್ರಗಳು ಬೆಂಗಳೂರಿಗಲ್ಲದೆ ಮುಂಬಯಿಗೆ ಓಡುವುದು ಲೇಖಕರ ಚಪಲವಲ್ಲ.

ಆಮೇಲೆ ನದಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗೆ ಸೇತುವೆ ಇಲ್ಲದಾಗ ತಾರಿಯೇ, ಅಂದರೆ ದಾಟಿಸುವ ದೋಣಿಯೇ ಗತಿ. ಇಂದಿನ ಹೆದ್ದಾರಿ ತಲೆಯಲ್ಲಿಟ್ಟು ಓದಿದರೆ, ದಡದಲ್ಲೇ ಉಳಿದವಳು ಬೇಕೆಂದೇ ತಡಮಾಡಿದಂತೆ ಕಾಣುತ್ತಾಳೆ. ದೋಣಿ ಕಾಯುವವರಿಗೆ ನೀರಿನ ಏರಿಳಿತದ ಲೆಕ್ಕವೂ ಬೇಕು: ಭರತಕ್ಕೂ ಇಳಿತಕ್ಕೂ ಸುಮಾರು 6 ತಾಸಿನ ಅಂತರ. ಈ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಗಜನಿಯ (ನದೀಮುಖದ ತಗ್ಗು ಗದ್ದೆಯ) ಕಟ್ಟು ಒಡೆದ ಸಾಲನ್ನಂತೂ ಹಾರಿಸಬೇಡಿ. ಉಪ್ಪುನೀರು ನುಗ್ಗಿದರೆ ಕಗ್ಗ ಭತ್ತ ತಡೆದುಕೊಂಡೀತು, ಮಾಮೂಲಿ ತಳಿ ಕರಗಿಹೋಗುತ್ತದೆ. ಯಾರ ಗದ್ದೆಯಲ್ಲಿ ಯಾವ ಭತ್ತವಿತ್ತು? ಅಣ್ಣತಮ್ಮಂದಿರ ಜಗಳದ ಬೇರು ಅಲ್ಲೇ ಇರಬಹುದು.

ಶಿರಸಿ ಕಡೆಯ ಕತೆಯಾದರೆ ಗದ್ದೆಯ ಬದಲು ಅಡಿಕೆ ತೋಟ, ಅದಕ್ಕೆ ಸೊಪ್ಪು-ಗೊಬ್ಬರ ಒದಗಿಸುವ ಸೊಪ್ಪಿನ ಬೆಟ್ಟ ನೋಡಿ.