ಆ ರಾತ್ರಿ ಪಹರೆ ಕೂತವರಿಗೆ

ನಮ್ಮವರು ಹೋದ ವಾರ ಮತ್ತೆ ಡ್ಯೂಟಿಗೆ ಹಾಜರಾದರು. ಯೂನಿಫಾರ್ಮ್ ಇಸ್ತ್ರಿ ಮಾಡುವಾಗ ನನಗೆ ಸಂತೋಷಕ್ಕೆ ಅಳು ಬಂತು, ಒಳಗೆ ಭಯವೂ ಇತ್ತು. ಸೈನಿಕರಾದ ಅವರಿಗೆ ಪಿಟಿಎಸ್‌ಡಿ, ಅಂದರೆ ಭಯಂಕರ ಅನುಭವದ ನೆನಪು ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ, ಆಗಿತ್ತು. ಏನೇನಾಯಿತು ಅಂತ ವಿವರವಾಗಿ ಹೇಳುವುದಿಲ್ಲ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ಅವರ ಹಳೆಯ ಯುನಿಟ್‌ನ ಅಣ್ಣನಿಗೆ. ಹೆಸರು ಹಾಕಬೇಡ ಅಂದಿದ್ದಾರೆ. ತೀರಾ ಕಷ್ಟವಾದ ಆ ರಾತ್ರಿ ನಾನು ಫೋನ್ ಮಾಡಿದಾಗ "ಏನಾಯ್ತು" ಅಂತ ಕೂಡ ಕೇಳಲಿಲ್ಲ. "ಮಕ್ಕಳು ಎಲ್ಲಿದ್ದಾರಮ್ಮಾ? ನೀನು ಹುಷಾರಾಗಿದ್ದೀಯಾ? ನಾನು ಹೊರಟೆ" ಅಂದರು. ಬಂದವರೇ ಅಪಾಯ ತರುವಂಥದ್ದನ್ನೆಲ್ಲ ಕೈಗೆ ಸಿಗದ ಹಾಗೆ ಎತ್ತಿಟ್ಟರು. ಉಪದೇಶ ಮಾಡಲಿಲ್ಲ. ನಮ್ಮವರು ಗೋಡೆಗೆ ಒರಗಿ, ಬಾಗಿಲಿಂದ ಕಣ್ಣು ತೆಗೆಯದೆ ಕೂತಿದ್ದರು. ಅಣ್ಣ ಒಂದು ಕುರ್ಚಿ ಎಳೆದುಕೊಂಡು, ಬಾಗಿಲಿಗೆ ಮುಖ ಮಾಡಿ ಕೂತರು. "ಈಗ ಪಹರೆ ನಂದು. ನೀನು ಮಲಗು."

ಅಷ್ಟೇ ಮಾತು. ಸ್ವಲ್ಪ ಹೊತ್ತಿಗೆ ನಮ್ಮವರ ಹೆಗಲು ಸಡಿಲವಾಯಿತು. ಅಲ್ಲೇ ನೆಲದ ಮೇಲೆ ನಿದ್ದೆ ಹೋದರು.

ನಡುರಾತ್ರಿ ಕಿರುಚಿಕೊಂಡು ಎದ್ದಾಗ ಏನು ಮಾಡಬೇಕು ಅಂತ ಹೇಳಿಕೊಟ್ಟವರೂ ಅಣ್ಣನೇ. ಮುಟ್ಟಬೇಡ, ಕಾಲ ಕಡೆ ದೂರ ನಿಂತುಕೋ, ಲೈಟ್ ಹಾಕು, ಹೆಸರು ಹಿಡಿದು ಕರಿ, ಮನೇಲಿದ್ದೀರಿ ಅಂತ ಹೇಳು. ಬೆಳಕು ಹರಿಯುವವರೆಗೂ ಅವರು ಕುರ್ಚಿ ಬಿಡಲಿಲ್ಲ. ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಾಗ, "ಪ್ರಮೋಷನ್ ಕಥೆ ಆಮೇಲೆ ನೋಡೋಣ. ನಾನೂ ಹೋಗಿದ್ದೆ ಕಣೋ ಇದೇ ಡಾಕ್ಟರ ಹತ್ರ" ಅಂದರು. ನನ್ನ ಮಾತಿಗೆ ಒಪ್ಪದವರು ಆ ಒಂದು ಮಾತಿಗೆ ಎದ್ದು ಶೂ ಹಾಕಿಕೊಂಡರು.

"ಸೈನಿಕನೂ ಹೆದರ್ತಾನಾ" ಅಂದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮೊದಲ ಮಹಾಯುದ್ಧದಲ್ಲಿ ಇಂಥ ನೋವಿಗೆ ಶೆಲ್ ಶಾಕ್ ಅನ್ನುತ್ತಿದ್ದರು. ಹೇಡಿ ಅನ್ನಿಸಿಕೊಂಡವರೂ ಇದ್ದರು. ಪಿಟಿಎಸ್‌ಡಿ ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅಲ್ಲಿಯವರೆಗೆ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಇದು ಏನು ಅಂತಲೇ ತಿಳಿಯದೆ ರಾತ್ರಿ ಕಳೆದರೋ. ನೆನೆದರೆ ಹೊಟ್ಟೆ ಉರಿಯುತ್ತದೆ.

ಆ ನೆನಪುಗಳನ್ನು ಅವಸರ ಮಾಡದೆ, ವಾರವಾರ ಸ್ವಲ್ಪ ಸ್ವಲ್ಪವೇ ಮಾತಾಡಿಸಿದ ಕೌನ್ಸೆಲರ್, ಔಷಧಿ ನೋಡಿಕೊಂಡ ಡಾಕ್ಟರು, ಕೇಳದೆಯೇ ರಜೆ ಮುಂದುವರಿಸಿದ ಆಫೀಸರ್, ಮಗಳು ಕ್ಲಾಸಲ್ಲಿ ಸುಮ್ನೆ ಕೂತಿದ್ದನ್ನು ಗಮನಿಸಿದ ಟೀಚರ್, ಮನೆ ನಡೆಸಿದ ಅತ್ತೆ, ಎಲ್ಲರಿಗೂ ಕೈ ಮುಗಿಯುತ್ತೇನೆ. ನನಗೂ ಬೇರೆ ಸಮಯ ಕೊಟ್ಟು, "ನಿಮಗೆ ನಿದ್ದೆ ಬರ್ತಿದೆಯಾ" ಅಂತ ಕೇಳಿದ್ದು ಆ ಕೌನ್ಸೆಲರ್. ಮನೆಯವರನ್ನೂ ಹೀಗೆ ಕೇಳುವವರು ಜಾಸ್ತಿ ಇಲ್ಲ.

ಈಗಲೂ ಕೆಲವು ರಾತ್ರಿ ಕಷ್ಟವೇ. ಆದರೆ ಏನು ಮಾಡಬೇಕು ಅಂತ ಗೊತ್ತಿದೆ, ಯಾರಿಗೆ ಫೋನ್ ಮಾಡಬೇಕು ಅಂತಲೂ ಗೊತ್ತಿದೆ.

ಅಣ್ಣಾ, ಮುಂದಿನ ಸಲ ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ, ಎರಡು ದಿನ ಇದ್ದು ಹೋಗಬೇಕು. ಆ ರಾತ್ರಿ ಅವರೂ ಫೋನ್ ಹಿಡಿದುಕೊಂಡು ಎದ್ದೇ ಇದ್ದರಂತೆ. ಅವರಿಗೆ ಎದುರೆದುರು ಕೂತು ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.