ಚಕ್ರ ಎತ್ತದೆ ಹಾಕಿದ ಟಿಕ್ ಗುರುತುಗಳ ಬಗ್ಗೆ

ಇಂದ: ಲಾರಿ ಮಾಲೀಕ ಮತ್ತು ಚಾಲಕ (ಎರಡೂ ನಾನೇ), ಮಡಿಕೇರಿ ತಾಲ್ಲೂಕು, ಕೊಡಗು

ಗೆ: ಸರ್ವಿಸ್ ವಿಭಾಗದ ಮುಖ್ಯಸ್ಥರು, ಕೇಂದ್ರ ಕಚೇರಿ

ವಿಷಯ: 2009ರ ಮಾದರಿಯ ಆರು ಚಕ್ರದ ಲಾರಿಯ ಮುಂದಿನ ಆಕ್ಸಲ್ ಕೆಲಸ, ಅದಕ್ಕೆ ಪಡೆದ ಹಣ ಮತ್ತು ಮಾಡದೆ ಬಿಟ್ಟ ಕೆಲಸ

ಮಾನ್ಯರೇ,

ಪತ್ರದ ಲೆಕ್ಕದಲ್ಲಿ ಇದು ಮೊದಲನೆಯದು. ಫೋನ್ ಕರೆಗಳನ್ನೂ ಸೇರಿಸಿದರೆ ಹನ್ನೊಂದನೆಯದು. ಹತ್ತು ಸಲ ಕರೆ ಮಾಡಿದಾಗಲೂ ದೂರು ದಾಖಲಾಗಿದೆ ಎಂದರು, ಸಂಖ್ಯೆ ಕೊಟ್ಟರು, ಸಂಗೀತ ಕೇಳಿಸಿದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊಡಗಿನವನಾದ ನನಗೆ ಮಳೆಯೂ ಗೊತ್ತು, ಕಲ್ಲೂ ಗೊತ್ತು. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಬರೆಯಬೇಕೆಂದು ಮಗಳು ಹೇಳಿದ್ದಾಳೆ, ಪ್ರಯತ್ನಿಸುತ್ತೇನೆ.

ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿ ಬಾಡಿಗೆ ಸಿಗುವ ಕಾಲಕ್ಕೆ ಸರಿಯಾಗಿ ನನ್ನ ಲಾರಿ ನಿಮ್ಮ ಅಧಿಕೃತ ಕೇಂದ್ರಕ್ಕೆ ಮೂರು ಸಲ ಬಂದಿದೆ. ಮೊದಲ ಸಲ ಎಡಗಡೆಯ ಸ್ಪ್ರಿಂಗಿನ ಮೇಲಿನ ಪಟ್ಟಿ ತುಂಡಾಗಿತ್ತು, ಬದಲಾಯಿಸಿದಿರಿ. ಅದರಲ್ಲಿ ತಕರಾರಿಲ್ಲ. ಸ್ವಲ್ಪ ಓಡಿದ ಮೇಲೆ ಸ್ಪ್ರಿಂಗನ್ನು ಆಕ್ಸಲ್ಲಿಗೆ ಹಿಡಿದಿಡುವ ಯು-ಬೋಲ್ಟ್ ಮತ್ತೆ ಬಿಗಿ ಮಾಡಿಸಿಕೊಳ್ಳಬೇಕೆಂದು ನೀವಾಗಿ ಹೇಳಲಿಲ್ಲ. ನನಗೆ ಗೊತ್ತಿತ್ತು, ನಾನೇ ಮಾಡಿಕೊಂಡೆ. ಎರಡನೆಯ ಸಲ ಸ್ಟಿಯರಿಂಗ್ ಅದುರುತ್ತಿದೆ ಎಂದು ಬಂದಾಗ ‘ಕಿಂಗ್ ಪಿನ್ ಕಿಟ್, ಎರಡೂ ಕಡೆ’ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಈ ಪಿನ್ನಿನ ಮೇಲೆಯೇ) ಎಂದು ಬರೆದು, ಕೂಲಿಯೂ ಸೇರಿ 14,350 ರೂಪಾಯಿಯ ಬಿಲ್ಲು ಕೊಟ್ಟಿರಿ. ‘ಎರಡೂ ಕಡೆ’ ಎಂಬ ಎರಡು ಪದಗಳನ್ನು ದಯವಿಟ್ಟು ನೆನಪಿನಲ್ಲಿಡಿ.

ಹಣ ಕೊಟ್ಟ ಮೇಲೂ ಅದುರುವುದು ನಿಲ್ಲಲಿಲ್ಲ. ಎಡಗಡೆಯ ಟೈರಿನ ಒಳ ಅಂಚು ಸವೆದು ನೂಲು ಕಾಣತೊಡಗಿತು. ಮೂರನೆಯ ಸಲ ಬಂದೆ.

ಕೌಂಟರಿನಲ್ಲಿ ಟೈ ಕಟ್ಟಿದ ಯುವಕರೊಬ್ಬರಿದ್ದರು. ನನ್ನ ಹಿಂದೆ ಇಬ್ಬರು ಟಿಪ್ಪರ್ ಚಾಲಕರು, ಅವರ ಹಿಂದೆ ಹೊಸ ಪಿಕಪ್ ಬಿಡಿಸಿಕೊಳ್ಳಲು ಬಂದಿದ್ದ ತೋಟದ ಮಾಲೀಕರೊಬ್ಬರು. ನಾನು ವಿಷಯ ಹೇಳಿದೆ. ಯುವಕರು ತಲೆ ಎತ್ತದೆ ಕೇಳಿದರು, “ಯಾವ ಮಾಡೆಲ್ ಅಂಕಲ್?”

“2009.”

ಪಕ್ಕದ ಕುರ್ಚಿಯವರ ಕಡೆ ತಿರುಗಿ ನಕ್ಕರು. “ವಯಸ್ಸಾದ ಮೇಲೆ ಕೈಕಾಲು ನಡುಗುವುದಿಲ್ಲವೇ ಅಂಕಲ್? ಗಾಡಿಗೂ ಹಾಗೆಯೇ.”

ಆಗ ನನ್ನ ಬಲಗೈ ಕೌಂಟರಿನ ಮೇಲಿತ್ತು. ಅದು ನಡುಗುತ್ತಿರಲಿಲ್ಲ. ಆದರೂ ಯಾಕೋ ಕೆಳಗಿಳಿಸಿ ಜೇಬಿನಲ್ಲಿಟ್ಟುಕೊಂಡೆ.

ಮುಂದಿನ ಆಕ್ಸಲ್ ಅನ್ನು ಜಾಕಿಯಿಂದ ಎತ್ತಿ, ಚಕ್ರದ ಮೇಲೂ ಕೆಳಗೂ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿ ಎಂದು ಕೇಳಿದೆ. ಪ್ಲೇ, ಅಂದರೆ ಸಡಿಲ, ಇದ್ದರೆ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ, ಆಗ ಪ್ಲೇ ಹೋದರೆ ಬೇರಿಂಗ್, ಹೋಗದಿದ್ದರೆ ಕಿಂಗ್ ಪಿನ್, ಐದು ನಿಮಿಷದ ಕೆಲಸ ಎಂದೆ. ನಿಮ್ಮವರಿಗೆ ಹೊಸದಾಗಿ ಹೇಳಿಕೊಡಬೇಕಾದ ವಿದ್ಯೆ ಅದಲ್ಲ, ನಿಮ್ಮ ತಪಾಸಣಾ ನಿಯಮದಲ್ಲೇ ಇರಬೇಕಾದದ್ದು.

“ಯೂಟ್ಯೂಬ್ ನೋಡಿಕೊಂಡು ಬಂದಿದ್ದೀರಾ?” ಎಂದರು.

ನಾನು ಗ್ರೀಸ್ ಗನ್ ಹಿಡಿದು ಕ್ಲೀನರ್ ಆಗಿ ಲಾರಿ ಹತ್ತಿದಾಗ ಯೂಟ್ಯೂಬ್ ಹುಟ್ಟಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಾತು ಮುಂದುವರಿಸಿದರು. “ಗಾಡಿ ಸರಿಯಾಗಿದೆ ಅಂಕಲ್. ನಿಮ್ಮ ಕೊಡಗಿನ ರಸ್ತೆ ಸರಿಯಿಲ್ಲ. ದೂರು ಕೊಡುವುದಿದ್ದರೆ ರಸ್ತೆ ಮಾಡಿದವರಿಗೆ ಕೊಡಿ.” ಟಿಪ್ಪರಿನವರು ನಕ್ಕರು. ತೋಟದ ಮಾಲೀಕರೂ ನಕ್ಕರು. ಅವರು ನಮ್ಮ ಕಡೆಯವರೇ, ಅವರ ಚೀಲಗಳನ್ನು ನಾನು ಹೊತ್ತದ್ದೂ ಇದೆ. “ಹಿಂದೆ ಜನ ಇದ್ದಾರೆ, ಸ್ವಲ್ಪ ಪಕ್ಕಕ್ಕೆ ನಿಲ್ಲಿ” ಎಂದರು ಯುವಕರು. ನಿಂತೆ. ‘ಗ್ರಾಹಕರಿಗೆ ಒಳಗೆ ಪ್ರವೇಶವಿಲ್ಲ’ ಎಂಬ ಫಲಕದ ಕೆಳಗೆ ಮೂರು ಗಂಟೆ ಕೂತೆ.

ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿ ಅದಕ್ಕೂ ಹಣ ಪಡೆದರು. ಪ್ಲೇ ಇರುವ ಚಕ್ರಕ್ಕೆ ಅಲೈನ್‌ಮೆಂಟ್ ಮಾಡುವುದೆಂದರೆ ಅಲ್ಲಾಡುವ ಗೂಟಕ್ಕೆ ಹಗ್ಗದ ಅಳತೆ ನೋಡಿದಂತೆ. ಕೀಲಿ ಕೈಗೆ ಕೊಡುವ ಮೊದಲೇ ಫೋನ್ ಬಂತು, ಹತ್ತಕ್ಕೆ ಹತ್ತು ಅಂಕ ಕೊಡಿ ಎಂದು. ಆ ಯುವಕರು ಎದುರಿಗೇ ನಿಂತು ನೋಡುತ್ತಿದ್ದರು. ಕೊಟ್ಟುಬಿಟ್ಟೆ. ಈಗ ನೆನೆದರೆ ಬಿಲ್ಲಿಗಿಂತ ಅದೇ ಹೆಚ್ಚು ಉರಿಯುತ್ತದೆ.

ಜೊತೆಗೆ ಕೊಟ್ಟ ತಪಾಸಣಾ ಪಟ್ಟಿಯನ್ನು ಮನೆಗೆ ಬಂದು ಓದಿದೆ. ಕಿಂಗ್ ಪಿನ್ ಸರಿ, ಟೈ ರಾಡ್ ಎಂಡ್ ಸರಿ, ಶಾಕಲ್ ಪಿನ್ ಸರಿ, ಎಲ್ಲದಕ್ಕೂ ಟಿಕ್. ಕ್ಯಾಬಿನ್ನಿನ ಏಸಿ ಸರಿಯಾಗಿ ತಂಪು ಮಾಡುತ್ತಿದೆ ಎಂಬುದಕ್ಕೂ ಟಿಕ್. ನನ್ನ ಲಾರಿಗೆ ಏಸಿ ಇಲ್ಲ. ಎಂದೂ ಇರಲಿಲ್ಲ. ನಿಮ್ಮವರು ಅದನ್ನು ಎಲ್ಲಿ ಕಂಡರೆಂದು ತಿಳಿಸಿದರೆ ಬೇಸಿಗೆಯಲ್ಲಿ ಘಟ್ಟ ಇಳಿದಾಗ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯ ದಿನ 50 ಕೆ.ಜಿ.ಯ 180 ಚೀಲ ಕಾಫಿ ಹೇರಿಕೊಂಡು ಮಂಗಳೂರಿಗೆ ಹೊರಟೆ. ಮದೆನಾಡು ದಾಟಿ ಜೋಡುಪಾಲದ ಇಳಿಜಾರಿನಲ್ಲಿ ಒಂದು ಗುಂಡಿಗೆ ಚಕ್ರ ಬಿತ್ತು. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ಎರಡೂ ಕಡೆ ಹೊಡೆದುಕೊಳ್ಳತೊಡಗಿತು. ಆ ದಾರಿ ನೋಡಿದವರಿಗೆ ವಿವರಿಸಬೇಕಾಗಿಲ್ಲ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಒಂಬತ್ತು ಟನ್ ಬೆನ್ನ ಮೇಲೆ. ಎರಡನೇ ಗೇರಿನಲ್ಲಿ ತೆವಳಿಕೊಂಡು ಸಂಪಾಜೆಗೆ ಬಂದು ನಿಲ್ಲಿಸಿದೆ.

ಅಲ್ಲಿ ಬೋರ್ಡೂ ಇಲ್ಲದ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಎತ್ತಿ, ಚಕ್ರ ಹಿಡಿದು ಅಲ್ಲಾಡಿಸಿದರು. ಟಕ್, ಟಕ್. ನಾನು ಬ್ರೇಕ್ ತುಳಿದು ಹಿಡಿದೆ. ಆಗಲೂ ಟಕ್, ಟಕ್. “ಕಿಂಗ್ ಪಿನ್” ಎಂದರು. ಅಷ್ಟೇ ಮಾತು. ಅವರ ಬಳಿ ಸಾಫ್ಟ್‌ವೇರ್ ಇರಲಿಲ್ಲ.

ಬಿಚ್ಚಿದಾಗ ಕಂಡದ್ದು ಇದು. ಎಡಗಡೆ ಬುಷ್, ಅಂದರೆ ಪಿನ್ ಸುತ್ತಲಿನ ಕೊಳವೆ, ಹೊಸದೇ. ಆದರೆ ಅದರ ಗ್ರೀಸ್ ತೂತು, ಹೊರಗಿನಿಂದ ಗ್ರೀಸ್ ಹೊಡೆಯುವ ನಿಪ್ಪಲ್ಲಿನ ದಾರಿಗೆ ಎದುರಾಗಿ ಇರಲಿಲ್ಲ, ತಿರುಗಿಸಿ ಬಡಿದು ಕೂರಿಸಿದ್ದಿರಿ. ಹೊರಗಿನಿಂದ ಎಷ್ಟು ಗ್ರೀಸ್ ಹೊಡೆದರೂ ಒಳಗೆ ಒಂದು ಹನಿಯೂ ಹೋಗುವಂತಿಲ್ಲ. ಪಿನ್ ಒಣಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬಲಗಡೆ ಹೊಸ ಬುಷ್ ಇಲ್ಲ, ಹೊಸ ಪಿನ್ನೂ ಇಲ್ಲ. ಹಳೆಯ ಪಿನ್ನೇ, ಬೆರಳು ಸವರಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಸವೆದು ಮೆಟ್ಟಿಲಾಗಿತ್ತು. ‘ಎರಡೂ ಕಡೆ’ ಎಂದು ಬರೆದಿದ್ದಿರಲ್ಲ, ಆ ಎರಡನೆಯ ಕಡೆ ಬೇರೆ ಯಾರದೋ ಲಾರಿಯಲ್ಲಿರಬೇಕು.

ಇಷ್ಟಕ್ಕೇ ಮುಗಿದಿದ್ದರೆ ಹಣ ವಾಪಸ್ ಕೇಳಿ ಸುಮ್ಮನಾಗುತ್ತಿದ್ದೆ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎಡಗಡೆಯ ಎಂಡಿನ ನಟ್ ನೋಡಿ ಮೆಕ್ಯಾನಿಕ್ ನನ್ನನ್ನು ಕರೆದು ಟಾರ್ಚ್ ಬಿಟ್ಟರು. ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಇರಬೇಕಾದ ತೂತಿನಲ್ಲಿ ತಂತಿಯ ತುಂಡು. ಮನೆ ಕಟ್ಟುವವರು ಕಂಬಿಗೆ ಕಂಬಿ ಬಿಗಿಯುವ ತೆಳು ತಂತಿ, ಎರಡು ಸುತ್ತು ಸುತ್ತಿ ತುದಿ ಮಡಿಚಿದ್ದು. ಆ ನಟ್ ಬಿಚ್ಚಿಕೊಂಡರೆ ಎರಡು ಚಕ್ರಗಳು ಎರಡು ದಿಕ್ಕಿಗೆ ನೋಡುತ್ತವೆ ಎಂಬುದು ನಿಮಗೆ ಗೊತ್ತು. ಸ್ಪ್ಲಿಟ್ ಪಿನ್ನಿಗೆ ಎಷ್ಟು ಬೆಲೆ ಎಂಬುದೂ ನಿಮಗೇ ಗೊತ್ತು, ಒಂದು ಲೋಟ ಚಹಾದಷ್ಟೂ ಇಲ್ಲ. ಎಂಟು ವರ್ಷ ದಾಟಿದ ಸರಕು ವಾಹನವನ್ನು ಸರ್ಕಾರ ವರ್ಷಕ್ಕೊಮ್ಮೆ ಯೋಗ್ಯತಾ ತಪಾಸಣೆಗೆ, ಅಂದರೆ ಎಫ್‌ಸಿಗೆ ನಿಲ್ಲಿಸಿಕೊಳ್ಳುತ್ತದೆ. ನಿಮ್ಮ ಕೈಕೆಲಸವನ್ನು ಯಾರು ನಿಲ್ಲಿಸಿಕೊಂಡು ನೋಡುತ್ತಾರೋ ಗೊತ್ತಿಲ್ಲ.

ಮರುದಿನ ಆ ಮೆಕ್ಯಾನಿಕ್ ಸುಳ್ಯದಿಂದ ಕಿಟ್ ತರಿಸಿ, ಪಿನ್ನಿಗೆ ಸರಿಹೊಂದುವಂತೆ ಬುಷ್ಷಿನ ಒಳಗೆ ರೀಮರ್ ಹೊಡೆಸಿ, ಚಕ್ರ ಎತ್ತಿಟ್ಟೇ ಹೊಸ ಗ್ರೀಸ್ ಅಂಚಿನಲ್ಲಿ ಉಕ್ಕುವವರೆಗೆ ಹೊಡೆದು ಕಳಿಸಿದರು. ನಿಮ್ಮ ಬಿಲ್ಲಿನ ಕೂಲಿಯ ಅರ್ಧವನ್ನೂ ಕೇಳಲಿಲ್ಲ. ಅಂಕ ಕೇಳಲಿಲ್ಲ.

ನಿಮ್ಮಿಂದ ಬರಬೇಕಾದದ್ದು: ಎರಡನೆಯ ಬಿಲ್ಲಿನ ಹಣ, ಅಲೈನ್‌ಮೆಂಟ್ ಹಣ, ಒಂದು ಟೈರು, ಎರಡು ದಿನದ ಬಾಡಿಗೆ. ಹದಿನೈದು ದಿನದಲ್ಲಿ ಕೊಡಿ. ಕೊಡುತ್ತೀರೆಂಬ ನಂಬಿಕೆ ಇಲ್ಲ. ಲಾರಿ ವ್ಯಾಪಾರದ್ದು, ನೀನು ಗ್ರಾಹಕನೇ ಅಲ್ಲ ಎಂದು ನಿಮ್ಮ ವಕೀಲರು ಹೇಳಬಹುದು. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವನು ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ, ಮಗಳು ಓದಿ ಹೇಳಿದಳು. ನಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನೀವು ಮಡಿಕೇರಿಗೆ ಬರಬೇಕು, ನಾನು ನಿಮ್ಮಲ್ಲಿಗಲ್ಲ. ಅದಕ್ಕೆ ಎರಡು ವರ್ಷ ಸಮಯವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಬಾಡಿಗೆ ಕಡಿಮೆ, ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿ ಇಳಿಯಲು ಬೇಕಾದಷ್ಟು ಪುರುಸೊತ್ತು. ಮಳೆಯಲ್ಲಿ ಘಟ್ಟ ಹತ್ತಿ ಬರುವಾಗ ನಿಮ್ಮವರು ಹುಷಾರಾಗಿರಲಿ. ಅವರ ಕಾರಿನ ಸ್ಪ್ಲಿಟ್ ಪಿನ್ ಹಾಕಿದವರು ಯಾರೋ ಏನೋ.

ಅಲ್ಲಿಯವರೆಗೆ ಆ ತಂತಿ ನನ್ನ ಲಾರಿಯ ಕನ್ನಡಿಗೆ, ನಿಂಬೆಹಣ್ಣು ಮೆಣಸಿನಕಾಯಿಯ ಪಕ್ಕದಲ್ಲಿ ತೂಗುತ್ತಿರುತ್ತದೆ. ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸಿನ ಮುಂದೆ ಸರತಿಯಲ್ಲಿ ನಿಂತಾಗ ಅದೇನೆಂದು ಕೇಳದ ಚಾಲಕರಿಲ್ಲ. ಕೇಳಿದವರಿಗೆಲ್ಲ ನಿಮ್ಮ ಕಂಪನಿಯ ಹೆಸರು ಹೇಳುತ್ತಿದ್ದೇನೆ.

ಇತಿ,
2009ರ ಮಾದರಿಯ ಅಂಕಲ್

ಲಗತ್ತು: ಮೂರು ಬಿಲ್ಲುಗಳ ಪ್ರತಿ; ಏಸಿಗೆ ಟಿಕ್ ಹಾಕಿದ ತಪಾಸಣಾ ಪಟ್ಟಿ; ಬಲಗಡೆಯ ಹಳೆಯ ಪಿನ್ನಿನ ಫೋಟೋ; ತಂತಿಯ ಫೋಟೋ ಮಾತ್ರ, ತಂತಿ ಕೊಡುವುದಿಲ್ಲ.